ಅಕ್ಕನ ಬಾತ್‌ರೂಮಿನ ಗಾಜಿಗೊಂದು ಫ್ರೀ ಬಾಡಿ ಡಯಾಗ್ರಾಂ

ನಮ್ಮ ಕಡೆ ಬಚ್ಚಲುಮನೆ ಎಂದರೆ ನೀರು ಚೆಲ್ಲುವುದಕ್ಕೆಂದೇ ಇರುವ ಜಾಗ. ಮೂಲೆಯಲ್ಲಿ ಹಂಡೆ, ಅದರಡಿ ಅಡಿಕೆ ಸಿಪ್ಪೆಯ ಬೆಂಕಿ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ. ಚೊಂಬಿನಲ್ಲಿ ಮೊಗೆದು ಸುರಿದುಕೊಂಡರೆ ಅರ್ಧ ನೀರು ಮೈಗೆ, ಅರ್ಧ ಗೋಡೆಗೆ. ಯಾರೂ ಬೈಯುವುದಿಲ್ಲ. ನೆಲ ಒಂದು ಕಡೆಗೆ ಇಳಿಜಾರಾಗಿರುತ್ತದೆ, ಕೊನೆಯಲ್ಲಿ ತೂಬು, ಅದರಾಚೆ ಬಾಳೆಗಿಡ. ಪೇಟೆಯಲ್ಲಿ ಹಂಡೆ ಹೋಗಿ ಗೀಸರ್ ಬಂದಿದೆ, ಬಾಳೆಗಿಡ ಹೋಗಿ ಒಳಚರಂಡಿ ಬಂದಿದೆ. ಇಳಿಜಾರು ನೆಲ ಮತ್ತು ಮೂಲೆಯ ಜಾಲರಿ ಮಾತ್ರ ಹಾಗೇ ಉಳಿದಿವೆ.

ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಇರದಿರುವುದು ಇವೆರಡೇ. ಬಾತ್‌ರೂಮಿನ ನೆಲಕ್ಕೆ ತೂಬಿಲ್ಲ, ಇಳಿಜಾರಿಲ್ಲ. ನನ್ನ ದೊಡ್ಡಮ್ಮನ ಮಗಳು ಎಂಎಸ್ಸಿ ಮಾಡಲು ಲೆಸ್ಟರ್ ನಗರಕ್ಕೆ ಹೋದ ಮೇಲೆ ನನಗೆ ಇದು ತಿಳಿದದ್ದು. ಅವಳೂ ಇನ್ನೂ ಮೂವರು ಹುಡುಗಿಯರೂ ಸೇರಿ ಸಾಲುಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದಾರೆ. ಕೆಳಗೆ ಅಡುಗೆಮನೆ, ಅದರ ಮೇಲೆ ಸರಿಯಾಗಿ ಬಾತ್‌ರೂಮು. ನಡುವೆ ನಮ್ಮ ಹಾಗೆ ಆರ್‌ಸಿಸಿ ಸ್ಲ್ಯಾಬ್ ಇಲ್ಲ, ಮರದ ತೊಲೆ, ಅದರ ಮೇಲೆ ಹಲಗೆ, ಕೆಳಗೆ ಪ್ಲಾಸ್ಟರ್‌ಬೋರ್ಡಿನ ಸೀಲಿಂಗ್, ಅಷ್ಟೇ. ಟಬ್ಬಿನ ಹೊರಗೆ ಬಿದ್ದ ನೀರಿಗೆ ಹೋಗಲು ಇರುವ ದಾರಿ ಒಂದೇ: ಕೆಳಗೆ ಸಾರು ಕುದಿಯುತ್ತಿರುವ ಒಲೆಯ ಕಡೆಗೆ.

ಆ ನೀರನ್ನು ತಡೆಯುವುದಕ್ಕೆ ಟಬ್ಬಿನ ಅಂಚಿನ ಮೇಲೆ ಒಂದು ಗಾಜಿನ ಹಲಗೆ ಇರುತ್ತದೆ. ಒಂದು ಪಕ್ಕ ಮಾತ್ರ ಗೋಡೆಗೆ ಕೀಲಿನಿಂದ ಸೇರಿದ್ದು, ಬಾಗಿಲಿನಂತೆ ತಿರುಗುತ್ತದೆ. ಅಲ್ಲಿಯವರು ಬಾತ್ ಸ್ಕ್ರೀನ್ ಎನ್ನುತ್ತಾರೆ. ಅಲ್ಲಿನ ಸಾಮಾನ್ಯ ಟಬ್ಬು 1,700 ಮಿ.ಮೀ. ಉದ್ದ, 700 ಮಿ.ಮೀ. ಅಗಲ. ಗಾಜು ಮುಚ್ಚುವುದು ಶವರ್ ಇರುವ ಅರ್ಧವನ್ನಷ್ಟೇ. ಉಳಿದರ್ಧ ಹತ್ತಿ ಇಳಿಯುವುದಕ್ಕೆ. ನಲ್ಲಿ ಇರುವುದೂ ಶವರಿನ ಕಡೆಗೇ. ಅದಕ್ಕೆ ಕೈ ಎಟುಕಬೇಕು, ಟಬ್ಬು ತೊಳೆಯಬೇಕು, ಮಗುವಿಗೆ ಸ್ನಾನ ಮಾಡಿಸಬೇಕು ಎಂದರೆ ಗಾಜು ಸರಿಯಲೇಬೇಕು. ಅದಕ್ಕೇ ಕೀಲು.

ಕಳೆದ ಚಳಿಗಾಲದಲ್ಲಿ ಅಕ್ಕನಿಗೆ ಮನೆ ನೋಡಿಕೊಳ್ಳುವ ಏಜೆನ್ಸಿಯಿಂದ ಮೇಲ್ ಬಂತು. ಅಡುಗೆಮನೆಯ ಸೀಲಿಂಗಿನಲ್ಲಿ ಕಂದು ಕಲೆ ಮೂಡಿದೆ, ನೀವು ಶವರನ್ನು ಅಜಾಗರೂಕತೆಯಿಂದ ಬಳಸುತ್ತಿದ್ದೀರಿ, ದುರಸ್ತಿ ಖರ್ಚನ್ನು ಡೆಪಾಸಿಟ್‌ನಲ್ಲಿ ಹಿಡಿದುಕೊಳ್ಳಲಾಗುವುದು ಎಂದು. ಡೆಪಾಸಿಟ್ ಎಂದರೆ ಐದು ವಾರದ ಬಾಡಿಗೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ಪೌಂಡನ್ನು ರೂಪಾಯಿಗೆ ಗುಣಿಸಿ ನೋಡಿ, ಎಜುಕೇಷನ್ ಲೋನ್ ತೆಗೆದುಕೊಂಡವಳ ಲೆಕ್ಕದಲ್ಲಿ ನೋಡಿ. ಅಂದು ರಾತ್ರಿ ಅವಳ ಮೆಸೇಜು: ‘ಲೋ, ನೀನು ಮೆಕ್ಯಾನಿಕಲ್ ಅಲ್ವೇನೋ? ಈ ಗಾಜು ಯಾಕೆ ಸೋರ್ತಿದೆ ಹೇಳು.’ ನಾನು ‘ಇನ್ನೂ ಮೂರು ಸೆಮಿಸ್ಟರ್ ಬಾಕಿ ಇದೆ ಕಣಕ್ಕಾ’ ಎಂದೆ. ಫೋಟೊಗಳು ಬರತೊಡಗಿದವು.

‘ಪರದೆ ಹಾಕಿದ್ರೆ ಈ ರಗಳೆಯೇ ಇರ್ತಿರಲಿಲ್ಲ’ ಎಂದು ಅವಳು ಗೊಣಗಿದ್ದಳು. ಗಾಜಿಗೆ ಮೊದಲು ಅಲ್ಲೆಲ್ಲ ಪರದೆಯೇ ಇದ್ದದ್ದು, ಈಗಲೂ ಎಷ್ಟೋ ಮನೆಗಳಲ್ಲಿದೆ. ಆದರೆ ಪರದೆಗೊಂದು ಚಾಳಿಯಿದೆ. ಶವರ್ ತಿರುಗಿಸಿದ ಕೂಡಲೇ ಅದು ಒಳಕ್ಕೆ ಬಾಗಿ ಕಾಲಿಗೆ ಅಂಟಿಕೊಳ್ಳುತ್ತದೆ. ಯಾಕೆ ಎಂದು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಶ್ಮಿಟ್ ಎಂಬ ಪ್ರಾಧ್ಯಾಪಕರು ತಲೆ ಕೆಡಿಸಿಕೊಂಡರು. ಶವರಿನ ಜಾಗವನ್ನು 50,000 ಪುಟ್ಟ ಕೋಶಗಳಾಗಿ ವಿಂಗಡಿಸಿ, ಫ್ಲೂಯೆಂಟ್ ತಂತ್ರಾಂಶವನ್ನು ಮನೆಯ ಕಂಪ್ಯೂಟರಿನಲ್ಲಿ ಎರಡು ವಾರ ಓಡಿಸಿದರು. ಸಿಕ್ಕಿದ್ದು 30 ಸೆಕೆಂಡಿನ ಸ್ನಾನದ ಚಿತ್ರ! ಬೀಳುವ ಹನಿಗಳು ಗಾಳಿಯನ್ನೂ ಎಳೆದುಕೊಂಡು ಮಲಗಿಸಿದ ಸುಂಟರಗಾಳಿಯಂಥ ಸುಳಿಯನ್ನು ಎಬ್ಬಿಸುತ್ತವೆ, ಸುಳಿಯ ನಡುವೆ ಒತ್ತಡ ಕಡಿಮೆ, ಅದು ಪರದೆಯನ್ನು ಎಳೆಯುತ್ತದೆ ಎಂದರು. 2001ರಲ್ಲಿ ಅವರಿಗೆ ಭೌತವಿಜ್ಞಾನದ ಇಗ್ ನೊಬೆಲ್ ಬಂತು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ಸಿಎಫ್‌ಡಿ ಎಂದರೆ ವಿಮಾನದ ರೆಕ್ಕೆ ಮಾತ್ರ ಎಂದುಕೊಂಡ ನನ್ನ ಕ್ಲಾಸ್‌ಮೇಟುಗಳಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ.

ಗಾಜಿಗೆ ಈ ಚಾಳಿ ಇಲ್ಲ. ಆದರೆ ಪರದೆಗಿಲ್ಲದ ಒಂದು ಸಮಸ್ಯೆ ಗಾಜಿಗಿದೆ. ಅದು ಭಾರ.

ಅಕ್ಕ ಟೇಪು ಹಿಡಿದು ಅಳತೆ ಕೊಟ್ಟಳು. ಎತ್ತರ 1.4 ಮೀಟರ್, ಅಗಲ 0.8 ಮೀಟರ್, ದಪ್ಪ 6 ಮಿ.ಮೀ. ಗಾಜಿನ ಸಾಂದ್ರತೆ ಒಂದು ಘನ ಮೀಟರಿಗೆ ಸುಮಾರು 2,500 ಕೆ.ಜಿ. ಗುಣಿಸಿದರೆ 16.8 ಕೆ.ಜಿ. ಇಷ್ಟು ತೂಕವನ್ನು ಒಂದೇ ಪಕ್ಕದಲ್ಲಿ ಹಿಡಿದು ನಿಲ್ಲಿಸಿವೆ ಎರಡು ಕೀಲುಗಳು, ಅವುಗಳ ನಡುವಿನ ಅಂತರ 1.2 ಮೀಟರ್. ಮೊದಲ ವರ್ಷದಲ್ಲಿ ‘ಎಲಿಮೆಂಟ್ಸ್ ಆಫ್ ಸಿವಿಲ್’ ಪಾಸಾದವರು ಯಾರೇ ಆಗಲಿ ಮುಂದಿನದನ್ನು ಹೇಳಿಬಿಡಬಹುದು. ಸುಮಾರು 165 ನ್ಯೂಟನ್ ಭಾರ ಗಾಜಿನ ನಡುಮಧ್ಯದಿಂದ ಕೆಳಕ್ಕೆ, ಅಂದರೆ ಗೋಡೆಯಿಂದ 0.4 ಮೀಟರ್ ದೂರದಲ್ಲಿ. ಮೊಮೆಂಟ್ 66 ನ್ಯೂಟನ್ ಮೀಟರ್. ಇದನ್ನು ಎದುರಿಸಲು ಮೇಲಿನ ಕೀಲು ಗಾಜನ್ನು ಗೋಡೆಯ ಕಡೆಗೆ ಎಳೆದುಕೊಳ್ಳಬೇಕು, ಕೆಳಗಿನದು ಹೊರಕ್ಕೆ ತಳ್ಳಬೇಕು. ಒಂದೊಂದೂ 55 ನ್ಯೂಟನ್. ಎಂದರೆ ಐದೂವರೆ ಕೆ.ಜಿ.ಯ ಚೀಲವೊಂದು ಹಗಲೂ ರಾತ್ರಿ ಮೇಲಿನ ಕೀಲಿನ ಸ್ಕ್ರೂಗಳನ್ನು ಗೋಡೆಯಿಂದ ಕೀಳಲು ಜಗ್ಗುತ್ತಿದ್ದ ಹಾಗೆ. ಕೆಳಗಿನ ಕೀಲಿಗೆ ಆ ಚಿಂತೆಯಿಲ್ಲ, ಅದು ಗೋಡೆಗೇ ಒತ್ತಿಕೊಂಡಿರುತ್ತದೆ.

ಇಷ್ಟೇ ಆದರೆ ದೊಡ್ಡದೇನಲ್ಲ. ಈಗ ಮನುಷ್ಯರನ್ನು ಸೇರಿಸಿ. ಟಬ್ಬಿನ ಅಂಚು ಮೊಣಕಾಲಿಗಿಂತ ಎತ್ತರ, ಕಾಲು ಒದ್ದೆ, ತಳ ನುಣುಪು. ದಾಟಿ ಇಳಿಯುವಾಗ ಕೈ ತಾನಾಗಿ ಏನನ್ನಾದರೂ ಹಿಡಿಯುತ್ತದೆ. ಹತ್ತಿರ ಇರುವುದು ಗಾಜಿನ ತುದಿಯೇ. ಅಲ್ಲಿ 20 ಕೆ.ಜಿ.ಯಷ್ಟು ಭಾರ ಊರಿದರೆ ಮೇಲಿನ ಕೀಲಿನ ಎಳೆತ 55ರಿಂದ 186 ನ್ಯೂಟನ್ನಿಗೆ ಏರುತ್ತದೆ, ಮೂರು ಪಟ್ಟಿಗೂ ಹೆಚ್ಚು. ‘ನಾಲ್ಕೂ ಜನ ಹಿಡ್ಕೊಳ್ತೀವಿ’ ಎಂದು ಅಕ್ಕ ಒಪ್ಪಿಕೊಂಡಳು. ನನಗೆ ಅದು ತಪ್ಪೆಂದು ತೋರಲಿಲ್ಲ. ಜನ ಹಿಡಿದೇ ಹಿಡಿಯುವ ಜಾಗದಲ್ಲಿ ಒಂದು ವಸ್ತುವನ್ನು ನಿಲ್ಲಿಸಿ, ಆಮೇಲೆ ಹಿಡಿದದ್ದು ಅಜಾಗರೂಕತೆ ಎಂದರೆ ಅದು ವಿನ್ಯಾಸದ ಜವಾಬ್ದಾರಿಯನ್ನು ಬಾಡಿಗೆದಾರರ ತಲೆಗೆ ಕಟ್ಟಿದ ಹಾಗೆ.

ಗಾಜಿನ ಕೆಳ ಅಂಚಿಗೆ ನೀರು ತಡೆಯುವ ಮೆತ್ತನೆಯ ಪಟ್ಟಿಯೊಂದಿರುತ್ತದೆ. ಮೇಲಿನ ಕೀಲು ಗೋಡೆಯಿಂದ 5 ಮಿ.ಮೀ. ಹೊರಬಂದರೂ ಸಾಕು, ಸಮರೂಪ ತ್ರಿಭುಜದ ಲೆಕ್ಕದಲ್ಲಿ ಗಾಜಿನ ತುದಿ 3 ಮಿ.ಮೀ.ಗೂ ಹೆಚ್ಚು ಜೋಲುತ್ತದೆ. ಆಗ ಆ ಪಟ್ಟಿ ಪ್ರತಿ ಸಲ ತಿರುಗಿಸುವಾಗಲೂ ಟಬ್ಬಿನ ಅಂಚಿಗೆ ಉಜ್ಜಿಕೊಂಡು ಹರಿಯುತ್ತದೆ. ಒಳ್ಳೆಯ ಕೀಲುಗಳಲ್ಲಿ ಇದಕ್ಕೊಂದು ಉಪಾಯ ಇದೆ. ಕೀಲಿನೊಳಗೆ ಸ್ಕ್ರೂವಿನ ಮರೆಯಂಥ ಓರೆಮೈ ಇದ್ದು, ಗಾಜು ತಿರುಗುತ್ತಿದ್ದಂತೆ ಕೆಲವು ಮಿ.ಮೀ. ಮೇಲಕ್ಕೇರುತ್ತದೆ, ಮುಚ್ಚಿದಾಗ ತನ್ನ ಭಾರಕ್ಕೆ ತಾನೇ ಇಳಿದು ಕೂರುತ್ತದೆ. ಸ್ಪ್ರಿಂಗ್ ಇಲ್ಲ, ಮೋಟಾರ್ ಇಲ್ಲ. ಅಕ್ಕನ ಮನೆಯದು ಅಂಥದ್ದಲ್ಲ, ಸಾದಾ ಕೀಲು. ಫೋಟೊದಲ್ಲಿ ಪಟ್ಟಿ ತುದಿಯ ಕಡೆ ನಾರುನಾರಾಗಿ ಹರಿದಿತ್ತು. ಟಬ್ಬಿನ ಅಂಚಿನಲ್ಲಿ ಕಮಾನಿನಂತೆ ಗೀಚಿದ ಗುರುತು.

ನಾನು ಕೇಳಿದ್ದು ಒಂದೇ: ‘ಮನೆಗೆ ಬಂದ ಮೊದಲ ದಿನದ ಫೋಟೊ ಇದೆಯಾ?’ ಇತ್ತು. ಮನೆಯ ಸ್ಥಿತಿ ದಾಖಲಿಸಲು ಎಲ್ಲ ಕೋಣೆಗಳದ್ದೂ ತೆಗೆದಿದ್ದಳು, ತಾರೀಖಿನ ಸಮೇತ. ದೊಡ್ಡದು ಮಾಡಿ ನೋಡಿದರೆ ಗೋಡೆ ಮತ್ತು ಗಾಜಿನ ನಡುವಿನ ಸಂದು ಕೆಳಗೆ ಕಿರಿದು, ಮೇಲೆ ಅಗಲ. ಗೀಚಿದ ಕಮಾನೂ ಆಗಲೇ ಇತ್ತು. ಅಂದರೆ ಇವರು ಒಂದು ಸಲವೂ ಸ್ನಾನ ಮಾಡುವುದಕ್ಕೆ ಮೊದಲೇ ಗಾಜು ಜೋತಿತ್ತು.

ಅಲ್ಲಿಗೆ ಓದಲು ಹೋಗುವವರಿಗೆ ಇಲ್ಲೊಂದು ಮಾತು ಹೇಳಬೇಕು. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಮನೆಯ ಡೆಪಾಸಿಟ್ಟನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರಲ್ಲಿ ದಾಖಲಿಸಬೇಕು. ಈ ವ್ಯವಸ್ಥೆ 2007ರಿಂದ ಇದೆ. ಖಾಲಿ ಮಾಡುವಾಗ ತಕರಾರು ಬಂದರೆ ಆ ಯೋಜನೆಯವರೇ ಉಚಿತವಾಗಿ ತೀರ್ಮಾನ ಕೊಡುತ್ತಾರೆ, ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರರಿಂದ ವಸೂಲಿ ಮಾಡುವಂತಿಲ್ಲ. ಆದರೆ ಅಲ್ಲಿ ನಡೆಯುವುದು ದಾಖಲೆ, ಅಳು ಅಲ್ಲ.

ಅಕ್ಕನಿಗೆ ಅವಸರ. ‘ಸ್ಕ್ರೂಡ್ರೈವರ್ ತಂದು ನಾನೇ ಬಿಗಿ ಮಾಡ್ಲಾ?’ ಎಂದಳು. ಬೇಡವೇ ಬೇಡ ಎಂದೆ. ಕಾರಣ ಆ ಗಾಜಿನ ಒಳಗೇ ಇದೆ.

ಅದು ಕಿಟಕಿಯ ಸಾದಾ ಗಾಜಲ್ಲ, ಟಫನ್ಡ್ ಗಾಜು. ಸಾದಾ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಎರಡೂ ಕಡೆಯಿಂದ ತಣ್ಣನೆಯ ಗಾಳಿ ರಭಸದಿಂದ ಊದುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ತಡವಾಗಿ ತಣಿಯುತ್ತ ಕುಗ್ಗಲು ಹೊರಟರೆ ಗಟ್ಟಿಯಾದ ಹೊರಪದರ ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ಹೊರಪದರ ಕಾಯಂ ಆಗಿ ಅದುಮಿಕೊಂಡು, ಒಳಭಾಗ ಕಾಯಂ ಆಗಿ ಎಳೆದುಕೊಂಡು ಉಳಿಯುತ್ತವೆ. ಗಾಜು ಒಡೆಯುವುದು ಮೇಲ್ಮೈಯ ಸಣ್ಣ ಬಿರುಕು ಎಳೆತಕ್ಕೆ ಬಾಯಿ ತೆರೆದಾಗ. ಇಲ್ಲಿ ಆ ಬಿರುಕನ್ನು ಅದುಮಿ ಹಿಡಿದಿರುವುದರಿಂದ ಬಲ ನಾಲ್ಕೈದು ಪಟ್ಟು. ಆದರೆ ಪೆಟ್ಟು ಒಳಭಾಗ ತಲುಪಿತೋ, ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಗೇ ಬಿಡುಗಡೆಯಾಗಿ ಇಡೀ ಹಲಗೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಬೇಕೆಂದೇ ಹೀಗೆ ಮಾಡಿದ್ದು. ಬಟ್ಟೆಯಿಲ್ಲದ ಮೈ ಪಕ್ಕದಲ್ಲಿ ಕತ್ತಿಯಂಥ ಚೂರು ಬೀಳುವುದಕ್ಕಿಂತ ಮೊಂಡು ಹರಳು ಬೀಳುವುದು ವಾಸಿ.

ಈ ಗುಣ ಹದಿನೇಳನೇ ಶತಮಾನದಲ್ಲೇ ಜನರನ್ನು ಬೆರಗುಗೊಳಿಸಿತ್ತು. ಕರಗಿದ ಗಾಜಿನ ಹನಿಯನ್ನು ನೀರಿಗೆ ಬಿಟ್ಟರೆ ಗೊದಮೊಟ್ಟೆಯ ಆಕಾರದ ಹನಿ ಸಿಗುತ್ತದೆ. ರಾಜಕುಮಾರ ರೂಪರ್ಟ್ ಅವನ್ನು ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ತೋರಿಸಿದ. 1661ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಪರೀಕ್ಷಿಸಿದರು. ತಲೆಗೆ ಸುತ್ತಿಗೆಯಿಂದ ಹೊಡೆದರೂ ಒಡೆಯದು. ಬಾಲ ಮುರಿದರೆ ಇಡೀ ಹನಿ ಕಣ್ಣೆದುರೇ ಧೂಳು.

ಟಫನ್ಡ್ ಹಲಗೆಗೂ ಬಾಲವಿದೆ. ಅದೇ ಅದರ ಅಂಚು, ಕೀಲಿಗೆಂದು ಕೊರೆದ ತೂತಿನ ಅಂಚೂ ಸೇರಿ. ಅಗಲದ ಮೈಗೆ ಮೊಣಕೈ ತಾಗಿದರೆ ಏನೂ ಆಗದು, ಅಂಚಿಗೆ ಲೋಹ ಅಥವಾ ಟೈಲ್ಸಿನ ಮೂಲೆ ಕುಟ್ಟಿದರೆ ಕಷ್ಟ. ಅದಕ್ಕೇ ಕೀಲಿಗೂ ಗಾಜಿಗೂ ನಡುವೆ ಪ್ಲಾಸ್ಟಿಕ್ಕಿನ ಗ್ಯಾಸ್ಕೆಟ್ ಇರಲೇಬೇಕು. ಅದು ಸರಿದಿದ್ದು, ಯಾರೋ ಜೋರಾಗಿ ಸ್ಕ್ರೂ ತಿರುಗಿಸಿದರೆ ಕೆಲಸ ಕೆಟ್ಟಿತು. ಒಮ್ಮೆ ಟಫನ್ ಮಾಡಿದ ಮೇಲೆ ಕತ್ತರಿಸುವುದೂ ಆಗದು, ಕೊರೆಯುವುದೂ ಆಗದು. ಎಲ್ಲ ಮೊದಲೇ ಮಾಡಿ ಆಮೇಲೆ ಕುಲುಮೆಗೆ. ಅಪರೂಪಕ್ಕೆ ಯಾರೂ ಮುಟ್ಟದೆಯೂ ಒಡೆಯುವುದುಂಟು. ಗಾಜಿನೊಳಗೆ ಸಿಕ್ಕಿಕೊಂಡ ನಿಕಲ್ ಸಲ್ಫೈಡಿನ ಸೂಕ್ಷ್ಮ ಕಣ ವರ್ಷಗಳ ಮೇಲೆ ನಿಧಾನವಾಗಿ ಉಬ್ಬುವುದು ಅದಕ್ಕೊಂದು ಕಾರಣ.

ಬೆಂಗಳೂರಿನ ಹೊಸ ಫ್ಲ್ಯಾಟುಗಳಲ್ಲಿ ಒದ್ದೆ ಜಾಗ, ಒಣ ಜಾಗ ಬೇರೆ ಮಾಡಲು ಹಾಕುತ್ತಿರುವ ಗಾಜೂ ಇಂಥದ್ದೇ ಆಗಿರಬೇಕು. ಮೂಲೆಯಲ್ಲಿ ಅಳಿಸಲಾಗದ ಪುಟ್ಟ ಮುದ್ರೆ ಇದೆಯೇ ನೋಡಿ. ಸುರಕ್ಷಾ ಗಾಜಿಗೆ ನಮ್ಮ ಮಾನಕ ಐಎಸ್ 2553. ಅಕ್ಕನ ಮನೆಯ ಗಾಜಿನಲ್ಲಿ ಇಎನ್ 12150 ಎಂದಿತ್ತು. ಅಂಗಡಿಯಾತ ಸೈಟಿಗೇ ಬಂದು ‘ಇಲ್ಲೇ ಸ್ವಲ್ಪ ಕಟ್ ಮಾಡಿ ಕೂರಿಸ್ತೀನಿ ಸಾರ್’ ಎಂದರೆ ಅದು ಟಫನ್ಡ್ ಅಲ್ಲ ಎಂದು ಅವನೇ ಹೇಳಿದಂತೆ.

ಒಂದು ಎ4 ಹಾಳೆಯಲ್ಲಿ ಗಾಜಿನ ಫ್ರೀ ಬಾಡಿ ಡಯಾಗ್ರಾಂ ಬರೆದೆ, ಪಕ್ಕದಲ್ಲಿ ನಾಲ್ಕು ಸಾಲಿನ ಲೆಕ್ಕ. ಅಕ್ಕ ಅದನ್ನೂ ಮೊದಲ ದಿನದ ಫೋಟೊವನ್ನೂ ಸೇರಿಸಿ ಏಜೆನ್ಸಿಗೆ ಉತ್ತರ ಬರೆದಳು. ಎಲ್ಲಿಯೂ ಏರುದನಿ ಇರಲಿಲ್ಲ, ಅವಳ ಸ್ವಭಾವಕ್ಕೆ ಅದು ದೊಡ್ಡ ಸಾಧನೆ. ಹನ್ನೊಂದನೇ ದಿನ ಕೆಲಸದವನು ಬಂದ. ಗಾಜನ್ನು ಇಳಿಸಿ ಮೇಲಿನ ಕೀಲಿನ ಸ್ಕ್ರೂ ಹಿಡಿದರೆ ಪ್ಲಗ್ಗಿನ ಸಮೇತ ಎರಡು ಬೆರಳಿಗೆ ಕಿತ್ತು ಬಂತಂತೆ. ಅದು ಟೈಲ್ಸಿನ ಹಿಂದಿನ ಪ್ಲಾಸ್ಟರಿನಲ್ಲಿ ಮಾತ್ರ ಕೂತಿತ್ತು, ಇಟ್ಟಿಗೆ ಮುಟ್ಟಿರಲೇ ಇಲ್ಲ. ಉದ್ದದ ಸ್ಕ್ರೂ, ಹೊಸ ಗ್ಯಾಸ್ಕೆಟ್, ಕತ್ತರಿಯಲ್ಲಿ ಕತ್ತರಿಸಿ ಕೂರಿಸಿದ ಹೊಸ ಪಟ್ಟಿ; ಒಂದು ಗಂಟೆಯೊಳಗೆ ಮುಗಿಯಿತು. ಬರುವ ಬಾಡಿಗೆದಾರರಿಗೂ ಇರಲಿ ಎಂದು ಗೋಡೆಗೆ ಹಿಡಿಕೆಯೊಂದನ್ನು ಹಾಕಿಸಲು ಅಕ್ಕ ಕೇಳಿದ್ದಾಳೆ, ಉತ್ತರ ಬಂದಿಲ್ಲ.

ಗಾಜಿನ ದುರಸ್ತಿ ಖರ್ಚು ಮಾಲೀಕರದ್ದೇ ಎಂದು ಏಜೆನ್ಸಿ ಬರೆದಿದೆ. ಸೀಲಿಂಗಿನ ಕಲೆಯ ಬಗ್ಗೆ ಮೌನ. ಕರಾರು ಆಗಸ್ಟ್ ಕೊನೆಗೆ ಮುಗಿಯುತ್ತದೆ. ಫೋಟೊ, ಮೇಲ್, ನನ್ನ ಎ4 ಹಾಳೆ ಎಲ್ಲವನ್ನೂ ಅಕ್ಕ ಒಂದೇ ಫೋಲ್ಡರಿನಲ್ಲಿ ಜೋಡಿಸಿಟ್ಟುಕೊಂಡಿದ್ದಾಳೆ.