‘ಟೈಮ್’ ಪದದ ಒಡನಾಡಿಗಳು

ಇಂಗ್ಲಿಷಿನ ನಾಮಪದಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದು ‘ಟೈಮ್’ ಎಂದು ಆಕ್ಸ್‌ಫರ್ಡ್ ನಿಘಂಟುಕಾರರು ಕೋಟ್ಯಂತರ ಪದಗಳ ಪಠ್ಯಸಂಗ್ರಹವನ್ನು ಎಣಿಸಿ 2006ರಲ್ಲಿ ತಿಳಿಸಿದರು. ‘ಪರ್ಸನ್’, ‘ಇಯರ್’, ‘ವೇ’, ‘ಡೇ’ ಎಂಬ ಪದಗಳು ಅದರ ಹಿಂದಿನ ಸ್ಥಾನಗಳಲ್ಲಿದ್ದವು. ಇಷ್ಟು ಸಾಮಾನ್ಯವಾದ ಪದಕ್ಕೆ ಕನ್ನಡದಲ್ಲಿ ಕಾಲ, ಸಮಯ, ಹೊತ್ತು, ವೇಳೆ ಎಂದು ಅರ್ಥ ಬರೆದುಕೊಂಡ ವಿದ್ಯಾರ್ಥಿಗೆ ಕೆಲಸ ಮುಗಿಯಿತೆನಿಸುತ್ತದೆಯಾದರೂ, ‘ಡೂಯಿಂಗ್ ಟೈಮ್’ ಎಂದರೆ ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸುವುದು, ‘ಮೇಕಿಂಗ್ ಟೈಮ್’ ಎಂದರೆ ಬಿಡುವು ಮಾಡಿಕೊಳ್ಳುವುದು ಎಂಬುದು ಆ ನಾಲ್ಕು ಅರ್ಥಗಳಲ್ಲಿ ಎಲ್ಲಿಯೂ ಅಡಗಿಲ್ಲ. ಎರಡೂ ಕಡೆ ಕನ್ನಡದ ‘ಮಾಡು’ ಹೊಂದುವಂತೆ ಕಾಣುವುದರಿಂದ ತೊಡಕು ಇನ್ನಷ್ಟು ಹೆಚ್ಚುತ್ತದೆ.

ಒಂದು ಪದ ಇನ್ನೊಂದನ್ನೇ ಹುಡುಕಿಕೊಂಡು ಹೋಗಿ ಅದರ ಜೊತೆಯಲ್ಲೇ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಈ ಗುಣವನ್ನು ಭಾಷಾವಿಜ್ಞಾನಿಗಳು ‘ಕೊಲೊಕೇಶನ್’ ಎನ್ನುತ್ತಾರೆ. ಕನ್ನಡದಲ್ಲಿ ಪದಗಳ ಒಡನಾಟ ಎನ್ನಬಹುದು. ಇದು ವ್ಯಾಕರಣದ ನಿಯಮವೂ ಅಲ್ಲ, ಪೂರ್ತಿಯಾಗಿ ಅರ್ಥದ ಸಂಗತಿಯೂ ಅಲ್ಲ, ಬಹುಪಾಲು ರೂಢಿ. ಕನ್ನಡದಲ್ಲಿ ಮಳೆ ‘ಹಿಡಿಯುತ್ತದೆ’, ಆಮೇಲೆ ‘ಬಿಡುತ್ತದೆ’. ದೀಪವನ್ನು ‘ಹಚ್ಚುತ್ತಾರೆ’, ಆದರೆ ‘ಆರಿಸು’ ಎನ್ನಲು ನಾಲಗೆ ಹಿಂಜರಿಯುವ ಮನೆಗಳಲ್ಲಿ ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಹೀಗೇಕೆ ಎಂದು ಕನ್ನಡಿಗರಿಗೆ ಪ್ರಶ್ನೆಯೇ ಹುಟ್ಟುವುದಿಲ್ಲ, ಕನ್ನಡ ಕಲಿಯುತ್ತಿರುವವರಿಗೆ ಮಾತ್ರ ಹುಟ್ಟುತ್ತದೆ. ಪದಗಳ ಒಡನಾಟವನ್ನು ಮೊದಲಿಗೆ ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಪರಭಾಷಿಕರಿಗೆ ಇಂಗ್ಲಿಷ್ ಕಲಿಸುತ್ತಿದ್ದವರು ಎದ್ದು ಕಾಣುವುದು ಈ ಕಾರಣಕ್ಕೇ ಇರಬೇಕು: ಹೆರಾಲ್ಡ್ ಪಾಮರ್ ಇಂಥ ಜೋಡಿಪದಗಳ ಬಗೆಗಿನ ತನ್ನ ವರದಿಯನ್ನು 1933ರಲ್ಲಿ ಪ್ರಕಟಿಸಿದ್ದು ಟೋಕಿಯೋದಲ್ಲಿ, ಮುಂದೆ ಲಂಡನ್ನಿನಲ್ಲಿ ಈ ಪರಿಕಲ್ಪನೆಗೆ ಭಾಷಾಸಿದ್ಧಾಂತದೊಳಗೆ ಸ್ಥಾನ ಕಲ್ಪಿಸಿದ ಜೆ. ಆರ್. ಫರ್ತ್ 1920ರ ದಶಕದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು.

‘ಟೈಮ್’ನ ಎಡಬದಿಗೆ ಬಂದು ನಿಲ್ಲುವ ಕ್ರಿಯಾಪದಗಳನ್ನು ಗಮನಿಸಿದರೆ ಅವುಗಳಲ್ಲಿ ಹೆಚ್ಚಿನವು ಹಣದ ಚೀಲದಿಂದ ಬಂದವುಗಳೆಂಬುದು ಗೊತ್ತಾಗುತ್ತದೆ. ‘ಸ್ಪೆಂಡ್’, ‘ಸೇವ್’, ‘ವೇಸ್ಟ್’, ‘ಇನ್ವೆಸ್ಟ್’ ಎಂಬ ಕ್ರಿಯೆಗಳೆಲ್ಲ ‘ಟೈಮ್’ಗೂ ‘ಮನಿ’ಗೂ ಸಮನಾಗಿ ಸಲ್ಲುತ್ತವೆ, ಹಣ ಕೊಟ್ಟು ಕೊಳ್ಳುವ ‘ಬೈ’ ಕೂಡ ‘ಟೈಮ್’ಗೆ ಸಲ್ಲುತ್ತದೆ, ಅಂದರೆ ಇಂಗ್ಲಿಷಿನಲ್ಲಿ ಕಾಲವನ್ನು ಖರ್ಚು ಮಾಡಬಹುದು, ಉಳಿಸಬಹುದು, ಹೂಡಬಹುದು, ಕೊನೆಗೆ ಕೊಳ್ಳಲೂಬಹುದು. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರ ತಮ್ಮ ಪುಸ್ತಕದಲ್ಲಿ ಇದನ್ನು ಇಡೀ ಸಮಾಜದ ಆಲೋಚನೆಯಲ್ಲಿ ಬೇರೂರಿದ ರೂಪಕವೆಂದು ವಿವರಿಸಿ, ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಕೊಡುವ ಆಧುನಿಕ ವ್ಯವಸ್ಥೆಯೊಂದಿಗೆ ಜೋಡಿಸಿದರು. ವಿವರಣೆ ಆಕರ್ಷಕವಾಗಿದೆ, ಆದರೆ ಕಾರ್ಖಾನೆಯ ಗಂಟೆಯೇ ಇದನ್ನೆಲ್ಲ ಹುಟ್ಟಿಸಿತೆಂದು ಯಾರಾದರೂ ವಾದಿಸಿದರೆ ಒಪ್ಪುವುದು ಕಷ್ಟ. ಕೈಗಾರಿಕಾ ಕ್ರಾಂತಿಗೆ ಸುಮಾರು ಎರಡು ಶತಮಾನ ಮೊದಲೇ ಷೇಕ್ಸ್‌ಪಿಯರ್ ತನ್ನ ಎರಡನೆಯ ರಿಚರ್ಡನ ನಾಟಕದಲ್ಲಿ ‘ಟೈಮ್’ನೊಂದಿಗೆ ‘ವೇಸ್ಟ್’ ಕ್ರಿಯೆಯನ್ನು ಜೋಡಿಸಿಯಾಗಿತ್ತು. ಕನ್ನಡದ ಕಾಲಕ್ಕೆ ಈ ವ್ಯಾಪಾರದ ಗಂಧ ಅಷ್ಟಿಲ್ಲ: ಕಾಲವನ್ನು ‘ಕಳೆಯುತ್ತಾರೆ’, ಕಷ್ಟವಿದ್ದರೆ ‘ತಳ್ಳುತ್ತಾರೆ’, ಅದು ತಾನಾಗಿ ‘ಕೂಡಿ ಬರುತ್ತದೆ’; ಸಂಸ್ಕೃತದಿಂದ ಬಂದ ‘ಕಾಲಹರಣ’ದಲ್ಲಿ ಕಾಲವನ್ನು ಅಪಹರಿಸುವ, ‘ಕಾಲಕ್ಷೇಪ’ದಲ್ಲಿ ಎಸೆಯುವ ಭಾವ ಮೂಲದಲ್ಲಿದೆ. ಇಂಗ್ಲಿಷಿನವರು ಬೇಸರವಾದಾಗ ಕಾಲವನ್ನು ಕೊಲ್ಲುತ್ತಾರೆ, ‘ಕಿಲ್ಲಿಂಗ್ ಟೈಮ್’. ಅಪಹರಣಕ್ಕಿಂತ ಕೊಲೆ ಘೋರವೆಂದು ಯಾರೂ ಇದರಿಂದ ಜನಸ್ವಭಾವವನ್ನು ಅಳೆಯಬೇಕಾಗಿಲ್ಲ. ಒಡನಾಟ ಹಳತಾದಂತೆ ಪದಗಳ ಮೊನೆ ಸವೆಯುತ್ತದೆ.

‘ಟೈಮ್’ಗೆ ಮೊದಲು ಬರುವ ಚಿಕ್ಕಪುಟ್ಟ ಪದಗಳು, ಅಂದರೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡುವ ‘ಪ್ರಿಪೊಸಿಷನ್’ಗಳು, ಇದಕ್ಕಿಂತ ಹೆಚ್ಚು ಕಾಡುತ್ತವೆ. ಹತ್ತು ಗಂಟೆಯ ರೈಲು ಹತ್ತಕ್ಕೇ ಬಂದರೆ ಅದು ‘ಆನ್ ಟೈಮ್’. ಪ್ರಯಾಣಿಕನೊಬ್ಬ ಅದು ಹೊರಡುವ ಮುನ್ನ ಹೇಗೋ ಓಡಿಬಂದು ಹತ್ತಿಕೊಂಡರೆ ಅವನು ‘ಇನ್ ಟೈಮ್’ ಬಂದವನು. ಮೊದಲನೆಯದರಲ್ಲಿ ಗಡಿಯಾರದ ಮುಳ್ಳು ಮುಖ್ಯ, ಎರಡನೆಯದರಲ್ಲಿ ಹೊತ್ತು ಮೀರಲಿಲ್ಲ ಎಂಬ ನಿಟ್ಟುಸಿರು ಮುಖ್ಯ. ಬಹುವಚನದ ‘ಟೈಮ್ಸ್’ ಆದಾಗಲಂತೂ ಪದ ಮತ್ತೆ ಮೂರು ದಾರಿ ಹಿಡಿದು, ‘ತ್ರೀ ಟೈಮ್ಸ್’ನಲ್ಲಿ ‘ಸಲ’ ಎಂಬ ಅರ್ಥವನ್ನೂ, ಗುಣಾಕಾರದಲ್ಲಿ ‘ಪಟ್ಟು’ ಎಂಬುದನ್ನೂ, ‘ಮಾಡರ್ನ್ ಟೈಮ್ಸ್’ ಎನ್ನುವಲ್ಲಿ ‘ಯುಗ’ ಎಂಬುದನ್ನೂ ಕೊಡುತ್ತದೆ.

ಎರಡು ಪದಗಳು ಕೂಡಿ ಒಂದೇ ಪದವಾದಾಗಿನ ಸಂಗತಿಯನ್ನು ಕನ್ನಡ ಓದುಗರಿಗೆ ವಿವರಿಸುವುದು ಸುಲಭ, ಏಕೆಂದರೆ ಸಮಾಸದ ಪಾಠ ಶಾಲೆಯಲ್ಲೇ ಆಗಿರುತ್ತದೆ. ‘ಟೈಮ್ ಬಾಂಬ್’ ಒಂದು ಬಗೆಯ ಬಾಂಬು, ‘ವಾರ್‌ಟೈಮ್’ ಒಂದು ಬಗೆಯ ಕಾಲ. ಎರಡರಲ್ಲೂ ಉತ್ತರಪದಕ್ಕೇ ಪ್ರಾಧಾನ್ಯ, ಆದ್ದರಿಂದ ಇವು ಮಳೆಗಾಲ, ವೇಳಾಪಟ್ಟಿಗಳಂತೆ ತತ್ಪುರುಷಗಳು. ಇಂಗ್ಲಿಷಿನ ಸಮಾಸಗಳನ್ನು ವರ್ಗೀಕರಿಸುವ ಪಾಶ್ಚಾತ್ಯ ಗ್ರಂಥಗಳು ಕೂಡ ‘ಬಹುವ್ರೀಹಿ’, ‘ದ್ವಂದ್ವ’ ಎಂಬ ಸಂಸ್ಕೃತದ ಹೆಸರುಗಳನ್ನು ಇಂದಿಗೂ ಬಿಡದೆ ಬಳಸುತ್ತವೆ. ‘ಲೈಫ್‌ಟೈಮ್’, ‘ಬೆಡ್‌ಟೈಮ್’, ‘ಹಾಫ್-ಟೈಮ್’, ‘ಓವರ್‌ಟೈಮ್’, ‘ಟೈಮ್‌ಟೇಬಲ್’ ಹೀಗೆ ಪಟ್ಟಿ ಉದ್ದವಾಗುತ್ತದೆ. ಇವುಗಳಲ್ಲಿ ಕೆಲವನ್ನು ಕೂಡಿಸಿ, ಕೆಲವನ್ನು ಬಿಡಿಸಿ, ಕೆಲವನ್ನು ನಡುವೆ ಅಡ್ಡಗೆರೆ ಹಾಕಿ ಬರೆಯುತ್ತಾರಾದರೂ ಅದಕ್ಕೆ ಬಿಗಿಯಾದ ನಿಯಮವಿಲ್ಲ.

ಈ ಸಾಲಿನಿಂದ ಹೊರಗೆ ನಿಂತ ಪದ ‘ಪಾಸ್‌ಟೈಮ್’. ಹವ್ಯಾಸ, ಮನೋರಂಜನೆ ಎಂಬರ್ಥದ ಈ ಪದದಲ್ಲಿ ‘ಪಾಸ್’ ಎಂಬ ಕ್ರಿಯೆ ಮೊದಲು, ಅದರ ಕರ್ಮವಾದ ‘ಟೈಮ್’ ಆಮೇಲೆ. ಫ್ರೆಂಚಿನ ‘ಪಾಸ್‌ತಾಂ’ ಎಂಬುದರ ಮಾದರಿಯಲ್ಲಿ ಹದಿನೈದನೆಯ ಶತಮಾನದ ಕೊನೆಯ ಸುಮಾರಿಗೆ ಇಂಗ್ಲಿಷಿಗೆ ಬಂದದ್ದು. ಜೇಬುಗಳ್ಳನಿಗೆ ಸಲ್ಲುವ ‘ಪಿಕ್‌ಪಾಕೆಟ್’ ಕೂಡ ಇದೇ ಅಚ್ಚಿನದು. ಈಗ ಭಾರತದಲ್ಲಿ ಬೆಳೆದ ‘ಟೈಂಪಾಸ್’ ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ, ಅದೇ ಎರಡು ತುಂಡುಗಳು ಅದಲುಬದಲಾಗಿರುವುದು ಕಣ್ಣಿಗೆ ಬೀಳುತ್ತದೆ. ಇದನ್ನು ಅರೆಬರೆ ಇಂಗ್ಲಿಷ್ ಬಲ್ಲವರ ತಪ್ಪೆಂದು ನಗುವವರಿದ್ದಾರೆ. ಆದರೆ ಕರ್ಮ ಮೊದಲು, ಕ್ರಿಯೆ ಆಮೇಲೆ ಎಂಬುದು ಕನ್ನಡದ, ಹಿಂದಿಯ, ಭಾರತದ ಬಹುತೇಕ ಭಾಷೆಗಳ ವಾಕ್ಯಕ್ರಮ. ‘ಕಾಲ ಕಳೆ’ ಎಂಬುದರ ಮೇಲೆ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಇಟ್ಟರೆ ಸಿಗುವುದು ‘ಟೈಂ ಪಾಸ್’ ಹೊರತು ‘ಪಾಸ್‌ಟೈಮ್’ ಅಲ್ಲ. ನಾಮಪದವು ಪೂರ್ವದಲ್ಲಿಯೂ ಕ್ರಿಯಾಪದವು ಉತ್ತರದಲ್ಲಿಯೂ ಇರುವ ‘ಕೈಹಿಡಿ’, ‘ಕಣ್ಣುಮುಚ್ಚು’ ಮುಂತಾದವನ್ನು ಕನ್ನಡ ವ್ಯಾಕರಣ ಕ್ರಿಯಾಸಮಾಸವೆಂದು ಗುರುತಿಸುತ್ತದೆ. ಕನ್ನಡಕ್ಕೂ ಸಂಸ್ಕೃತಕ್ಕೂ ಗಂಟುಹಾಕಿದಾಗ ಬರುವ ಅರಿಸಮಾಸದೋಷವೂ ಕ್ರಿಯಾಸಮಾಸಕ್ಕೆ ತಗಲುವುದಿಲ್ಲವೆಂದು ವೈಯಾಕರಣರು ರಿಯಾಯಿತಿ ಕೊಟ್ಟಿದ್ದಾರೆ. ಪದಗಳೆರಡೂ ಇಂಗ್ಲಿಷಿನವೇ ಆದ ‘ಟೈಂಪಾಸ್’, ಕಟ್ಟಡದ ಮಟ್ಟಿಗೆ ಈ ಮನೆಯದೇ.

‘ಟೈಮ್’ ಕನ್ನಡಕ್ಕೆ ಬಂದು ಬಾಯಿಮಾತಿನ ‘ಟೈಂ’ ಆದಾಗ ತನ್ನ ಹಳೆಯ ಒಡನಾಡಿಗಳಲ್ಲಿ ಹಲವರನ್ನು ಅಲ್ಲೇ ಬಿಟ್ಟು, ಹೊತ್ತು, ಕಾಲ, ವೇಳೆಗಳ ಒಡನಾಡಿಗಳನ್ನು ಸೇರಿಕೊಂಡಿತು. ‘ಹೊತ್ತಾಯಿತು’ ಎನ್ನುತ್ತಿದ್ದ ಬಾಯಿ ‘ಟೈಮಾಯ್ತು’ ಎಂದಿತು; ‘ಕಾಲ ಕೆಟ್ಟಿದೆ’ ಎಂಬುದರ ಜಾಗದಲ್ಲಿ ‘ಟೈಂ ಸರಿ ಇಲ್ಲ’ ಬಂತು. ಇಲ್ಲಿ ಅರ್ಥವೂ ಹೊರಳಿರುವುದನ್ನು ಗಮನಿಸಬೇಕು: ಇಂಗ್ಲಿಷಿನವನು ‘ಗುಡ್ ಟೈಮ್’ ಅನುಭವಿಸಿದೆನೆಂದರೆ ಒಂದು ಸಂಜೆ ಮಜವಾಗಿ ಕಳೆಯಿತೆಂದು ಅರ್ಥ, ಕನ್ನಡಿಗ ಒಬ್ಬನ ‘ಟೈಂ ಚೆನ್ನಾಗಿದೆ’ ಎಂದರೆ ಗ್ರಹಗತಿ ಕೂಡಿಬಂದಿದೆಯೆಂದು ಅರ್ಥ. ಹೊತ್ತಿಗೆ ಮಾತ್ರ ‘ಟೈಂ’ ಕಸಿದುಕೊಳ್ಳಲಾಗದ ಒಡನಾಡಿಯೊಂದಿದೆ. ಹೊತ್ತು ಎಂದರೆ ಸೂರ್ಯನೂ ಹೌದಾದ್ದರಿಂದ ಅದು ಮೂಡುತ್ತದೆ, ಏರುತ್ತದೆ, ಮುಳುಗುತ್ತದೆ. ‘ಟೈಂ ಮುಳುಗಿತು’ ಎಂದು ಯಾರೂ ಇದುವರೆಗೆ ಹೇಳಿಲ್ಲ.

ಕಡಲೆಕಾಯಿ ಮಾರುವವರ ಬಾಯಲ್ಲಿ ‘ಟೈಂಪಾಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬಸ್‌ನಿಲ್ದಾಣದಲ್ಲಿ ಹೊರಡಲಿರುವ ಬಸ್ಸಿನ ಕಿಟಕಿಗಳ ಕೆಳಗೆ ಬುಟ್ಟಿ ಹೊತ್ತು ನಡೆಯುವವನು ‘ಟೈಂಪಾಸ್ ಕಳ್ಳೇಕಾಯ್’ ಎಂದು ಕೂಗುವಾಗ ಅದು ಕಾಯಿಯ ವಿಶೇಷಣ. ಸ್ವಲ್ಪ ಹೊತ್ತಿಗೆ ಕಾಯಿಯ ಹೆಸರೂ ಉದುರಿಹೋಗಿ ಬರೀ ‘ಟೈಂಪಾಸ್, ಟೈಂಪಾಸ್’ ಎಂಬ ಕೂಗು ಉಳಿಯುತ್ತದೆ, ಕಿಟಕಿಯಿಂದ ಕೈಚಾಚಿ ‘ಹತ್ತು ರೂಪಾಯಿದು ಕೊಡಪ್ಪಾ’ ಎನ್ನುವವರಿಗೆ ತಾವು ಕೇಳುತ್ತಿರುವುದು ಏನೆಂಬ ಬಗ್ಗೆ ಅನುಮಾನವಿರುವುದಿಲ್ಲ.