ಮರದ ಮೇಲೊಂದು ಆಸನ

ಬೇಟೆಯ ಕತೆ ಓದುವವರ ಕಣ್ಣೆಲ್ಲ ಹುಲಿಯ ಮೇಲೆ. ಅದು ಪೊದೆಯಿಂದ ಯಾವಾಗ ತಲೆ ಹಾಕೀತು, ಕೋವಿ ಯಾವಾಗ ಸಿಡಿದೀತು ಎಂದು ಪುಟ ತಿರುವುತ್ತಾರೆ. ನಮ್ಮ ಕಣ್ಣು ಮಾತ್ರ, ಏನು ಮಾಡೋಣ, ಬೇಟೆಗಾರ ಕುಳಿತ ಜಾಗದ ಮೇಲೆ ಹೋಗುತ್ತದೆ. ಬೆಳಗ್ಗೆ ಕುರ್ಚಿ ಹಿಡಿದು ಸಂಜೆ ಬಿಡುವ ಗುಮಾಸ್ತರ ಜಾತಿ ನಮ್ಮದು. ಕುಳಿತಿರುವ ಕಷ್ಟ ಕುಳಿತವರಿಗೇ ಗೊತ್ತು. ಆದರೂ ಫೈಲಿನ ಮುಂದೆ ಕುಳಿತವನು ಕಾಲು ನೀಡಬಹುದು, ಕೆಮ್ಮಬಹುದು, ಎದ್ದು ಹೋಗಿ ಚಹಾ ಕುಡಿದು ಬರಬಹುದು. ಮರದ ಮೇಲೆ ಕುಳಿತವನಿಗೆ ಇದಾವುದೂ ಇಲ್ಲ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಮ್ಮ ದೇಶದಲ್ಲಿ ಹುಲಿಯ ಬೇಟೆಗೆ ೧೯೭೦ರಲ್ಲಿಯೇ ನಿಷೇಧ ಬಂತು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯಾಯಿತು; ೧೯೯೧ರ ತಿದ್ದುಪಡಿಯ ಮೇಲೆ ವಿನೋದದ ಬೇಟೆಗೆ ಬಾಗಿಲು ಪೂರ್ತಿ ಮುಚ್ಚಿತು. ಮುಚ್ಚಿದ್ದು ಒಳ್ಳೆಯದೇ ಆಯಿತು. ಆದರೆ ಮರದ ಮೇಲೆ ಕೂರುವುದು ನಿಂತಿಲ್ಲ. ಅಮೆರಿಕದಲ್ಲಿ ಪರವಾನಗಿ ಪಡೆದು ಜಿಂಕೆಯ ಬೇಟೆಗೆ ಹಾಗೆ ಕೂರುವವರು ಲಕ್ಷಗಟ್ಟಲೆ ಇದ್ದಾರೆ. ನಮ್ಮೂರುಗಳಲ್ಲಿ ಆನೆ ಹಂದಿಗಳಿಂದ ಬೆಳೆ ಕಾಯಲು ಕೂರುವವರಿದ್ದಾರೆ. ಇಬ್ಬರಿಗೂ ಬೇಕಾದುದು ಒಂದೇ: ಹೊರಲು ಹಗುರಾಗಿ, ಕೂರಲು ಹಿತವಾಗಿ, ಕುಳಿತವನನ್ನು ಕೆಳಗೆ ಬೀಳಿಸದ ಆಸನ.

ಈ ವಿದ್ಯೆ ಮೂಲತಃ ರೈತನದು. ಬಯಲುಸೀಮೆಯ ಜೋಳದ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಕಟ್ಟುವ ಮಂಚಿಕೆಯನ್ನು ರಜೆಗೆ ಊರಿಗೆ ಹೋದ ನಮ್ಮ ಮಕ್ಕಳೂ ಕಂಡಿರುತ್ತಾರೆ. ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಾರೆ. ಕಾಡಿನ ಅಂಚಿನಲ್ಲಿ ಮರದ ಕವಲಿಗೇ ಗಳುಗಳನ್ನು ಅಡ್ಡ ಬಿಗಿದು ಅಟ್ಟಣೆ ಕಟ್ಟುತ್ತಾರೆ. ಶಿಕಾರಿಗೆ ಬಂದ ದೊರೆಗಳೂ ಸಾಹೇಬರೂ ಅದನ್ನೇ ಮಚಾನು ಎಂದು ಕರೆದು ಹತ್ತಿ ಕೂತರು. ಕಟ್ಟುವವನು ಮಾತ್ರ ಹಳ್ಳಿಯವನೇ.

ಕೆಟ್ಟ ಆಸನವೆಂದರೇನೆಂದು ತಿಳಿಯಬೇಕಾದರೆ ಗಢವಾಲದ ರುದ್ರಪ್ರಯಾಗಕ್ಕೆ ಹೋಗಬೇಕು. ಬದರಿ, ಕೇದಾರಗಳ ಯಾತ್ರೆ ಮಾಡಿಬಂದ ವಾಚಕರಿಗೆ ಆ ಊರು ಗೊತ್ತು. ೧೯೧೮ರಿಂದ ಎಂಟು ವರ್ಷ ಅಲ್ಲಿಯ ಜನರ ನಿದ್ದೆ ಕೆಡಿಸಿ, ಸರ್ಕಾರದ ಲೆಕ್ಕದಂತೆಯೇ ೧೨೫ ಮಂದಿಯನ್ನು ಕೊಂದ ಚಿರತೆಯನ್ನು ಜಿಮ್ ಕಾರ್ಬೆಟ್ ಬೆನ್ನಟ್ಟಿದ ಕತೆಯನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೂ ತಂದಿದ್ದಾರೆ. ಚಿರತೆ ಅಲಕನಂದೆಯನ್ನು ದಾಟುವುದು ತೂಗುಸೇತುವೆಯ ಮೇಲೆಯೇ ಎಂದೆಣಿಸಿ ಕಾರ್ಬೆಟ್ ಆ ಸೇತುವೆಯ ಗೋಪುರದ ತುದಿಯಲ್ಲಿ ಇಪ್ಪತ್ತು ರಾತ್ರಿ ಕೂತ. ಮೇಲೆ ಮರೆಯಿಲ್ಲ. ಕೊರೆಯುವ ಗಾಳಿ, ಸಾಲದುದಕ್ಕೆ ಮೈ ಕಚ್ಚುವ ಇರುವೆ. ಆ ಇಪ್ಪತ್ತು ರಾತ್ರಿಗಳಲ್ಲಿ ಸೇತುವೆ ದಾಟಿದ ಪ್ರಾಣಿ ಒಂದು ನರಿ ಮಾತ್ರ.

ಮುಂದೆ ೧೯೨೬ರ ಬೇಸಗೆಯಲ್ಲಿ ಅವನು ಯಾತ್ರೆಯ ದಾರಿಯ ಪಕ್ಕದ ಒಂದು ಮಾವಿನ ಮರದಲ್ಲಿ ಕೂತ. ಕೆಳಗೆ ಕೊರಳಿಗೆ ಗಂಟೆ ಕಟ್ಟಿದ ಮೇಕೆ. ಹತ್ತು ರಾತ್ರಿ ವ್ಯರ್ಥವಾಗಿ ಕಳೆದವು. ಹನ್ನೊಂದನೆಯ ರಾತ್ರಿ ಕತ್ತಲಲ್ಲಿ ಗಂಟೆಯ ಸದ್ದಾಯಿತು. ಬ್ಯಾಟರಿಯ ಗುಂಡಿಯೊತ್ತಿದಾಗ ಬಂದೂಕಿನ ಗುರಿ ಚಿರತೆಯ ಭುಜದ ಮೇಲೆಯೇ ನಿಂತಿತ್ತು, ಕೂದಲೆಳೆಯಷ್ಟೂ ಸರಿಸಬೇಕಾಗಿರಲಿಲ್ಲ. ಗುಂಡು ಹಾರುತ್ತಲೆ ಬ್ಯಾಟರಿ ಆರಿಹೋಯಿತು. ಮತ್ತೊಂದು ಗುಂಡಿಗೆ ಅವಕಾಶವೇ ಇರಲಿಲ್ಲವೆಂದಾಯಿತು. ಈ ಪ್ರಸಂಗವನ್ನು ಎಲ್ಲರೂ ಗುರಿಯ ಹೆಚ್ಚಳವೆಂದು ಹೊಗಳುತ್ತಾರೆ. ನಮಗೆ ತೋರುವುದು ಬೇರೆ. ಗಂಟೆಗಟ್ಟಲೆ ಕೋವಿಯನ್ನು ಒಂದೇ ಕಡೆಗಿಟ್ಟು ಕೂರಬೇಕಾದರೆ ಕೈಗೆ ಆಧಾರವಿರಬೇಕು, ಬೆನ್ನಿಗೆ ಆಸರೆಯಿರಬೇಕು, ಕಾಲು ಜೋಮು ಹಿಡಿದಿರಬಾರದು.

ಕಾಲು ಜೋಮು ಹಿಡಿದರೆ ಏನು ಮಹಾ ಎಂದು ಕೇಳುವಿರಾದರೆ, ಆ ಲೆಕ್ಕ ದೊಡ್ಡದು. ನೋವಿನಿಂದ ಮಗ್ಗುಲು ಬದಲಿಸಿದವನು ಸದ್ದು ಮಾಡುತ್ತಾನೆ. ಪ್ರಾಣಿ ಹೋಯಿತೋ ಎಂದು ಗಾಬರಿಯಿಂದ ಗುಂಡು ಹಾರಿಸುತ್ತಾನೆ. ಗುಂಡು ಎಲ್ಲೋ ತಗಲುತ್ತದೆ. ಹಳೆಯ ಗುಂಡಿನ ಗಾಯದಿಂದಲೊ ಮುಳ್ಳುಹಂದಿಯ ಮುಳ್ಳಿನಿಂದಲೊ ಊನಗೊಂಡು, ಓಡಿ ಬೇಟೆಯಾಡಲಾರದ ಹುಲಿಗಳು ನರಭಕ್ಷಕಗಳಾದುದನ್ನು ಕಾರ್ಬೆಟ್ ಮತ್ತೆ ಮತ್ತೆ ಬರೆದಿದ್ದಾನೆ. ಮರದ ಮೇಲಿನವನ ತೊಡೆನೋವಿಗೆ ಹೀಗೆ ಹುಲ್ಲು ಕೊಯ್ಯಲು ಹೋದ ಹೆಂಗಸು ದಂಡ ತೆತ್ತದ್ದೂ ಉಂಟು.

ಬೆಂಗಳೂರಿನವನೇ ಆದ ಕೆನೆತ್ ಆಂಡರ್ಸನ್ನನ ಕತೆಗಳಲ್ಲಿ ಹಗ್ಗದ ಮಂಚವನ್ನೇ ಮರಕ್ಕೇರಿಸಿ ಕಟ್ಟುವ ಮಚಾನು ಕಾಣುತ್ತದೆ. ನಮ್ಮ ಉತ್ತರ ಕರ್ನಾಟಕದವರು ಹೊರಸು ಎನ್ನುವುದು ಇದನ್ನೇ. ಇದಕ್ಕಿಂತ ಜಾಣತನದ ಆಸನ ಕಾಣುವುದು ಕಷ್ಟ. ಒಬ್ಬನು ತಲೆಯ ಮೇಲೆ ಹೊತ್ತು ನಡೆಯಬಹುದು; ನವಾರು ಮೈಗೆ ಹೊಂದಿಕೊಂಡು ಬಗ್ಗುತ್ತದೆ; ಹಲಗೆಯಂತೆ ಕಿರುಗುಟ್ಟುವುದಿಲ್ಲ; ಗಾಳಿಯಾಡುವುದರಿಂದ ಬೆವರಿಲ್ಲ. ಕೊರತೆ ಒಂದೇ. ಕಾಲು ಇಳಿಬಿಟ್ಟು ಕೂತರೆ ಅಂಚಿನ ಕಟ್ಟು ಮಂಡಿಯ ಹಿಂದೆ ಒತ್ತಿ ರಕ್ತ ತಡೆಯುತ್ತದೆ. ಅದಕ್ಕೆ ಅಂಚಿನ ಮೇಲೊಂದು ಮಡಿಸಿದ ಕಂಬಳಿ ಹಾಕಿ, ಪಾದಕ್ಕೆ ಕೆಳಗೊಂದು ಗಳು ಕಟ್ಟಿಕೊಟ್ಟರೆ ಆಯಿತು. ಕಂಬಳಿಯೇ ಏಕೆಂದರೆ ಹತ್ತಿಯ ದಿಂಬು ಮಂಜಿಗೆ ನೆನೆದು ತಣ್ಣಗಾಗುತ್ತದೆ, ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ.

ಅಳತೆಯ ಗುಟ್ಟೂ ಇಲ್ಲಿಯೇ ಇದೆ. ತೊಡೆ ನೆಲಕ್ಕೆ ಸಮನಾಗಿರಬೇಕು, ಪಾದ ಪೂರ್ತಿ ಊರಬೇಕು, ಬೆನ್ನು ಕಾಂಡಕ್ಕೆ ಒರಗಬೇಕು. ಆಸನ ತಗ್ಗಾದರೆ ಮಂಡಿ ಎದೆಗೆ ಬಂದು ಸೊಂಟ ನೋಯುತ್ತದೆ. ಎತ್ತರವಾದರೆ ಕಾಲು ತೂಗಾಡಿ ಜೋಮು ಹಿಡಿಯುತ್ತದೆ. ನಮ್ಮ ಕಚೇರಿಗಳಿಗೆ ಕುರ್ಚಿ ಮಾಡಿಕೊಡುವ ಬಡಗಿಗೆ ಯಾರಾದರೂ ಇದನ್ನು ಹೇಳಿದ್ದರೆ ಎಷ್ಟು ಬೆನ್ನುಗಳು ಉಳಿಯುತ್ತಿದ್ದುವೋ!

ಇನ್ನು ಅಮೆರಿಕದ ಮಾತು. ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ನೆಲೆಸಿದ್ದಾರೆ. ಅವರ ನೆರೆಹೊರೆಯವರು ಶರತ್ಕಾಲ ಬಂತೆಂದರೆ ಬಿಳಿಬಾಲದ ಜಿಂಕೆಗಾಗಿ ಮರ ಹತ್ತುವವರು. ಅಲ್ಲಿ ಆಸನ ಅಂಗಡಿಯಲ್ಲಿ ಸಿಗುತ್ತದೆ, ಟ್ರೀ ಸ್ಟ್ಯಾಂಡ್ ಎಂದು ಹೆಸರು. ಏಣಿಯೊಂದಿಗೇ ಬರುವುದು ಎಲ್ಲಕ್ಕಿಂತ ಹಿತ, ಆದರೆ ೨೦ರಿಂದ ೪೦ ಕಿಲೋ ತೂಕ. ಒಮ್ಮೆ ನಿಲ್ಲಿಸಿದರೆ ಋತು ಮುಗಿಯುವ ತನಕ ಅಲ್ಲಿಯೇ. ಇನ್ನೊಂದು ಬಗೆಯದು ಎರಡು ತುಂಡಾಗಿದ್ದು, ಒಂದರ ಮೇಲೆ ಕೂತು ಇನ್ನೊಂದನ್ನು ಕಾಲಿನಿಂದ ಮೇಲೆಳೆದುಕೊಳ್ಳುತ್ತ ಕಾಂಡವನ್ನೇರುವುದು. ಕಾಲಿಗೆ ತಳೆ ಹಾಕಿಕೊಂಡು ಅಡಕೆಯ ಮರ ಏರುವವನನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ತೂಕ ೯ರಿಂದ ೧೪ ಕಿಲೋ. ನೆಟ್ಟಗಿದ್ದು ಕೊಂಬೆಯಿಲ್ಲದ ಮರ ಬೇಕು. ಪಟ್ಟಿಯಿಂದ ಕಾಂಡಕ್ಕೆ ಬಿಗಿಯುವ ಬರಿಯ ಪೀಠ ೪ರಿಂದ ೯ ಕಿಲೋ. ಯಾವ ಸೊಟ್ಟ ಮರವಾದರೂ ಆದೀತು, ಆದರೆ ಏರಲು ಮೆಟ್ಟಿಲುಗಳನ್ನು ಬೇರೆ ಹೊರಬೇಕು. ಎಲ್ಲಕ್ಕೂ ಹಗುರಾದುದು ಸೊಂಟಕ್ಕೆ ಕಟ್ಟಿಕೊಂಡು ಹಗ್ಗದಿಂದ ಮರಕ್ಕೆ ಜೋತು ಒರಗುವ ಜೀನು. ಅಭ್ಯಾಸವಿದ್ದವರು ಅದನ್ನು ತೊಟ್ಟಿಲೆನ್ನುತ್ತಾರೆ, ಇಲ್ಲದವರು ಶಿಕ್ಷೆಯೆನ್ನುತ್ತಾರೆ.

ಕೊಳ್ಳುವವನು ಎಲ್ಲಿಯವರೆಗೆ ನಡೆಯಬೇಕೆಂಬುದನ್ನು ಮೊದಲು ಕೇಳಿಕೊಳ್ಳಬೇಕು. ಮನೆಯ ಹಿತ್ತಲ ಮರಕ್ಕೆ ಹಗುರದ ಪೀಠಕ್ಕಾಗಿ ಹೆಚ್ಚು ಹಣ ಸುರಿಯುವುದು ವ್ಯರ್ಥ. ಎರಡು ಮೈಲಿ ಹೊತ್ತು ಒಯ್ಯುವವನಿಗೆ ಉಕ್ಕಿನದಕ್ಕಿಂತ ಅಲ್ಯುಮಿನಿಯಮ್ಮಿನದು ಲೇಸು. ತೂಕವನ್ನು ಪಟ್ಟಿ, ಸರಪಳಿ, ಮೆಟ್ಟಿಲು ಎಲ್ಲ ಸೇರಿಸಿ ನೋಡಬೇಕು. ಎಷ್ಟು ಭಾರ ತಡೆದೀತೆಂಬುದನ್ನು ಮೈತೂಕಕ್ಕೆ ಚಳಿಗಾಲದ ಬಟ್ಟೆ, ಬೂಟು, ಕೋವಿ ಕೂಡಿಸಿ ಎಣಿಸಬೇಕು. ಬಲೆಯಂತೆ ನೇಯ್ದ ಆಸನ, ಎತ್ತಿ ಮಡಿಸಲು ಬರುವಂಥದು, ಒಳ್ಳೆಯದು. ಕೊಂಡ ಮೇಲೆ ನೆಲದಿಂದ ಒಂದಡಿ ಎತ್ತರಕ್ಕೆ ಕಟ್ಟಿ ಎರಡು ಗಂಟೆ ಕೂತು ನೋಡಿದರೆ, ಎಲ್ಲಿ ಚುಚ್ಚುತ್ತದೆ, ಎಲ್ಲಿ ಕಿರುಗುಟ್ಟುತ್ತದೆ ಎಂಬುದೆಲ್ಲ ತಾನೇ ಹೊರಬೀಳುತ್ತದೆ.

ಇಷ್ಟೆಲ್ಲ ಇದ್ದೂ ಆ ದೇಶದಲ್ಲಿ ಪ್ರತಿವರ್ಷ ಬೇಟೆಗಾರರು ಮರದಿಂದ ಬಿದ್ದು ಬೆನ್ನು ಮುರಿದುಕೊಳ್ಳುತ್ತಾರೆ, ಸಾಯುತ್ತಾರೆ. ಬೀಳುವುದು ಬಹುಪಾಲು ಕೂತಾಗ ಅಲ್ಲ, ಏರುವಾಗ ಇಳಿಯುವಾಗ, ಮೆಟ್ಟಿಲಿನಿಂದ ಪೀಠಕ್ಕೆ ಕಾಲಿಡುವಾಗ. ಹೀಗಾಗಿ ಭುಜಕ್ಕೂ ತೊಡೆಗೂ ಬರುವ ಪಟ್ಟಿಯ ಕವಚ ತೊಟ್ಟು, ಕಾಲು ನೆಲ ಬಿಟ್ಟ ಗಳಿಗೆಯಿಂದ ಮತ್ತೆ ನೆಲ ಮುಟ್ಟುವ ತನಕ ಹಗ್ಗಕ್ಕೆ ತಗಲಿಕೊಂಡೇ ಇರಬೇಕು. ಬರಿಯ ಸೊಂಟಕ್ಕೆ ಹಗ್ಗ ಕಟ್ಟಿದರೆ ಬಿದ್ದಾಗ ಉಸಿರು ಕಟ್ಟುತ್ತದೆ. ಕವಚದಲ್ಲಿ ತೂಗಾಡುತ್ತ ಬಹಳ ಹೊತ್ತು ಉಳಿದರೂ ಅಪಾಯವೇ. ಕಾಲಿನ ರಕ್ತ ಮೇಲೆ ಬರುವುದಿಲ್ಲ. ಪಾದ ಊರಲು ಒಂದು ಹಗ್ಗದ ಕುಣಿಕೆ ಜೇಬಿನಲ್ಲಿರಬೇಕು, ಯಾವ ಮರದಲ್ಲಿದ್ದೇವೆಂಬುದು ಮನೆಯವರಿಗೆ ಗೊತ್ತಿರಬೇಕು. ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಏರಕೂಡದು. ಗುಂಡು ತೆಗೆದು, ಮೇಲೆ ಕೂತಾದ ಮೇಲೆ ಹಗ್ಗದಿಂದ ಸೇದಿಕೊಳ್ಳಬೇಕು.

ಈಗ ನಮ್ಮ ಊರಿನ ಅಟ್ಟಣೆಗೆ ಬರೋಣ. ೨೦೨೩ರ ಎಣಿಕೆಯಲ್ಲಿ ಕರ್ನಾಟಕದ ಕಾಡುಗಳಲ್ಲಿ ಕಂಡುಬಂದ ಆನೆಗಳು ೬,೩೯೫. ಸಕಲೇಶಪುರ, ಆಲೂರು, ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ, ಹನೂರು ಈ ಕಡೆಗಳಲ್ಲಿ ಬೆಳೆ ಕಾಯುವುದೆಂದರೆ ಆನೆ ಕಾಯುವುದೇ. ನಮ್ಮಲ್ಲಿ ಅನೇಕರ ಪಾಲಿನ ಹೊಲ ಅಲ್ಲಿ ತಮ್ಮನ ಕೈಯಲ್ಲಿಯೋ ದಾಯಾದಿಯ ಕೈಯಲ್ಲಿಯೋ ಇದೆ. ನಾವು ಇಲ್ಲಿಂದ ಮನೆಯ ಹೆಂಚಿಗೆ, ಬೋರಿನ ಪಂಪಿಗೆ ಹಣ ಕಳುಹಿಸುತ್ತೇವೆ. ರಾತ್ರಿ ಹೊಲದ ಅಂಚಿನಲ್ಲಿ ಕೂರುವ ಹುಡುಗನ ಕೆಳಗಿರುವ ಎರಡು ಬಿದಿರಿನ ವಿಚಾರ ಯಾರ ಪಟ್ಟಿಯಲ್ಲಿಯೂ ಬರುವುದಿಲ್ಲ. ಅವನು ಬೇಟೆಗಾರನಲ್ಲ, ಕೋವಿಯಿಲ್ಲ. ಕಂಡು ಕೂಗುವುದು, ತಮಟೆ ಬಾರಿಸುವುದು ಅಷ್ಟೇ ಅವನ ಕೆಲಸ. ಆದರೆ ಬೇಟೆಗಾರ ಕೂತದ್ದು ಹತ್ತು ರಾತ್ರಿ, ಇವನು ಕೂರುವುದು ಎರಡು ತಿಂಗಳು. ಹಗಲೆಲ್ಲ ದುಡಿದವನಿಗೆ ತೂಕಡಿಕೆ ಬಂದೇ ಬರುತ್ತದೆ.

ಅವನ ಮರ ದಪ್ಪನೆಯದಾಗಿರಬೇಕು, ಆನೆ ಒರಗಿದರೆ ಬಾಗದಂಥದು. ಆನೆ ಸೊಂಡಿಲೆತ್ತಿದರೆ ೧೫ ಅಡಿಯವರೆಗೆ ಎಟುಕೀತೆಂದು ಇಟ್ಟುಕೊಂಡು ಅಟ್ಟಣೆಯನ್ನು ೨೦ ಅಡಿಗಿಂತ ಕೆಳಗೆ ಕಟ್ಟಬಾರದು. ನುಗ್ಗೆ, ನೇರಳೆಗಳ ಕೊಂಬೆ ನಂಬುವಂಥದಲ್ಲ. ಮಾವಿನ ಮರವಾದರೆ ಚಗಳಿಯ ಗೂಡಿದೆಯೇ ಎಂದು ಹಗಲಲ್ಲಿಯೇ ನೋಡಬೇಕು. ಬಿದಿರಿನ ಮೇಲೆ ಒಂದು ಹಳೆಯ ಹೊರಸು, ಪಾದಕ್ಕೊಂದು ಗಳು, ಸುತ್ತ ಎದೆಮಟ್ಟಕ್ಕೆ ಕಟಾಂಜನ, ಒಂದು ಕಂಬಳಿ. ತೂಕಡಿಸಿದರೂ ಬೀಳದಂತೆ, ಕಟ್ಟಡದ ಕೆಲಸದವರು ತೊಡುವ ಭುಜ ತೊಡೆಗಳ ಪಟ್ಟಿಯ ಕವಚವೊಂದನ್ನು ನಾವಿರುವ ಊರಿನ ಪೇಟೆಯಲ್ಲಿಯೇ ಕೊಂಡು ಒಯ್ಯಬಹುದು. ಇಡೀ ಕುಟುಂಬ ಒಂದು ಭಾನುವಾರ ಹೋಟೆಲಿನಲ್ಲಿ ಊಟ ಮಾಡಿದ ಖರ್ಚಿಗಿಂತ ಹೆಚ್ಚಾಗಲಾರದು. ನಾರಿನ ಹಗ್ಗ ಮಳೆಗಾಲದಲ್ಲಿ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗಟ್ಟಿಯಾಗಿಯೇ ಕಾಣುತ್ತದೆ. ದಸರೆಗೆ ಊರಿಗೆ ಹೋದವರು ಹಳೆಯ ಕಟ್ಟುಗಳನ್ನು ಬಿಚ್ಚಿಸಿ ಹೊಸ ಹಗ್ಗ ಬಿಗಿಸಿ ಬರಬೇಕು. ರಾಗಿ ತೆನೆ ಕಟ್ಟುವುದೂ ಆ ಹೊತ್ತಿಗೇ, ಆನೆ ಬರುವುದೂ ಆ ಹೊತ್ತಿಗೇ.