ನೀರಿನಲ್ಲಿ ನಿಂತ ಕಮಾನುಗಳು

ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಮುಂಗಾರು ಹಿಡಿಯಿತೆಂದರೆ ಕುಂದೂರಿನಂಥ ಊರುಗಳ ಹಳ್ಳಕೊಳ್ಳಗಳೆಲ್ಲ ತುಂಬಿ ಹರಿಯತೊಡಗುತ್ತವೆ. ಮಲೆನಾಡಿನ ಆ ನೀರನ್ನು ಕೂಡಿಸಿಕೊಂಡು ಬರುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನ ದಂಡೆಯಲ್ಲಿರುವ ಶೆಟ್ಟಿಹಳ್ಳಿಯಲ್ಲಿ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಇಂದು ಪಾಳುಬಿದ್ದಿದೆ. ಜಲಾಶಯ ತುಂಬಿದಾಗ ಅದು ಭಾಗಶಃ ಮುಳುಗುತ್ತದೆ. ಬೇಸಗೆಯಲ್ಲಿ ನೀರು ಇಳಿದಂತೆ ಬುಡದವರೆಗೆ ಹೊರಗೆ ಕಾಣುತ್ತದೆ. ಛಾವಣಿ ಇಲ್ಲ, ಬಾಗಿಲುಗಳಿಲ್ಲ. ಹಾಗಿದ್ದರೂ ಅಲ್ಲಿನ ಕಮಾನುಗಳು ದಶಕಗಳ ಕಾಲ ನಿಂತದ್ದು ಹೇಗೆ? ಗಾರೆಗೆ ಬೆಲ್ಲ, ಮೊಟ್ಟೆಗಳನ್ನು ಬೆರೆಸಿದ್ದರೆಂದು ಜನ ಹೇಳುವುದುಂಟು. ಆದರೆ ಇದರ ಮುಖ್ಯ ಕಾರಣವನ್ನು ನಾವು ಗಾರೆಯಲ್ಲಲ್ಲ, ಕಮಾನಿನ ಆಕಾರದಲ್ಲಿ ಹುಡುಕಬೇಕು.

ತೊಲೆ ಮತ್ತು ಕಮಾನು

ಕಲ್ಲು ಅದುಮುವ ಬಲವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಎಳೆಯುವ ಬಲವನ್ನು ತಾಳಲಾರದು. ಎಳೆತವನ್ನು ಎದುರಿಸುವ ಅದರ ಶಕ್ತಿ, ಅದುಮುವಿಕೆಯನ್ನು ಎದುರಿಸುವ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು, ಅಥವಾ ಅದಕ್ಕೂ ಕಡಿಮೆ. ಎರಡು ಕಂಬಗಳ ಮೇಲೆ ಕಲ್ಲಿನ ತೊಲೆಯನ್ನಿಟ್ಟು ಭಾರ ಹೇರಿದರೆ ತೊಲೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆತಕ್ಕೆ ಒಳಗಾಗುತ್ತದೆ. ಬಿರುಕು ಹುಟ್ಟುವುದು ಕೆಳಗಿನಿಂದಲೇ. ನಮ್ಮ ಬೇಲೂರು, ಹಳೇಬೀಡುಗಳ ಹೊಯ್ಸಳ ಶಿಲ್ಪಿಗಳು ಕಂಬ ಮತ್ತು ತೊಲೆಗಳ ಪದ್ಧತಿಯನ್ನೇ ಅನುಸರಿಸಿದರು. ಅಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರುವುದಕ್ಕೆ ಕಲ್ಲಿನ ಈ ಸ್ವಭಾವವೂ ಒಂದು ಕಾರಣ.

ಕಮಾನಿನ ಉಪಾಯವೇ ಬೇರೆ. ಅದರಲ್ಲಿ ಪ್ರತಿಯೊಂದು ಕಲ್ಲೂ ಪಕ್ಕದ ಕಲ್ಲನ್ನು ಅದುಮುತ್ತದೆ. ಎಳೆಯುವ ಪ್ರಸಂಗವೇ ಬರದಂತೆ ಅದನ್ನು ಕಟ್ಟಬಹುದು. 1675ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇದರ ಮರ್ಮವನ್ನು ಅಕ್ಷರಗಳನ್ನು ಕಲಸಿದ ಒಂದು ಲ್ಯಾಟಿನ್ ಒಗಟಿನಲ್ಲಿ ಅಡಗಿಸಿ ಪ್ರಕಟಿಸಿದನು. ಅದರ ತಾತ್ಪರ್ಯವಿಷ್ಟು: ಎರಡು ತುದಿಗಳಿಂದ ತೂಗಬಿಟ್ಟ ಸರಪಳಿಯಲ್ಲಿ ಇರುವುದು ಎಳೆತ ಮಾತ್ರ. ಅದೇ ಆಕಾರವನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಅಲ್ಲಿರುವುದು ಅದುಮುವಿಕೆ ಮಾತ್ರ. ಕಮಾನು ಸರಪಳಿಯ ಆಕಾರದಲ್ಲೇ ಇರಬೇಕೆಂದಿಲ್ಲ. ತಲೆಕೆಳಗಾದ ಆ ರೇಖೆ ಕಮಾನಿನ ದಪ್ಪದೊಳಗೆ ಅಡಗಿದರೆ ಸಾಕು, ಅದು ನಿಲ್ಲುತ್ತದೆ.

ಪಕ್ಕಕ್ಕೆ ತಳ್ಳುವ ಬಲ

ಆದರೆ ಕಮಾನು ತನ್ನ ಬುಡಗಳನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಭಾರ ಸಮನಾಗಿ ಹರಡಿದೆಯೆಂದು ಭಾವಿಸಿದರೆ, ಕಮಾನು ಎತ್ತರವಾದಷ್ಟೂ ಈ ತಳ್ಳುವಿಕೆ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ನಾಲ್ಕು ಮೀಟರ್ ಅಗಲದ ಅರ್ಧವೃತ್ತದ ಕಮಾನು ಎರಡು ಮೀಟರ್ ಏರುತ್ತದೆ. ಅಷ್ಟೇ ಅಗಲದ ಚೂಪು ಕಮಾನನ್ನು ಸಮಭುಜ ತ್ರಿಕೋನದ ಮೇಲೆ ರಚಿಸಿದರೆ ಅದು ಸುಮಾರು ಮೂರೂವರೆ ಮೀಟರ್ ಏರುತ್ತದೆ. ಸ್ಥೂಲ ಲೆಕ್ಕದಲ್ಲಿ ಅದರ ತಳ್ಳುವಿಕೆ ಮೊದಲನೆಯದರ ಏಳರಲ್ಲಿ ನಾಲ್ಕು ಪಾಲು ಮಾತ್ರ. ಗಾಥಿಕ್ ಶೈಲಿಯ ಚೂಪು ಕಮಾನಿಗೆ ಅಂದವಷ್ಟೇ ಅಲ್ಲ, ಈ ಅನುಕೂಲವೂ ಉಂಟು. ಮೈಸೂರಿನಲ್ಲಿ ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವಿಟ್ಟ ಸೇಂಟ್ ಫಿಲೋಮಿನಾ ಚರ್ಚಿನಲ್ಲಿ ಈ ಶೈಲಿಯನ್ನು ನೋಡಬಹುದು. ಅದರ ಜೋಡಿ ಶಿಖರಗಳ ಎತ್ತರ 175 ಅಡಿ.

ಉಳಿದ ತಳ್ಳುವಿಕೆಯನ್ನು ತಡೆಯುವುದು ಗೋಡೆಯ ದಪ್ಪ, ಅದಕ್ಕೆ ಹೊರಗಿನಿಂದ ಒತ್ತಾಸೆಯಾಗಿ ನಿಂತ ಕಟ್ಟೆಗಂಬಗಳು, ಮತ್ತು ಇವೆಲ್ಲದರ ಸ್ವಂತ ಭಾರ. ಪಕ್ಕಕ್ಕೆ ಸಾಗುವ ಬಲದ ಜೊತೆಗೆ ಕೆಳಮುಖವಾದ ಭಾರ ಸೇರಿದಾಗ ಅವೆರಡರ ಫಲಿತಬಲ ಗೋಡೆಯ ಬುಡದೊಳಗೇ ಇಳಿಯುತ್ತದೆ. ಆದ್ದರಿಂದ ಇಂಥ ಕಟ್ಟಡಕ್ಕೆ ಭಾರ ಹೊರೆಯಲ್ಲ, ಅದೇ ಆಧಾರ.

ನೀರು ಮಾಡುವ ಕೆಲಸ

ಶೆಟ್ಟಿಹಳ್ಳಿಯ ಅಪಾಯ ಇರುವುದು ಈ ಆಧಾರದಲ್ಲಿಯೇ. ಮೂರು ಮೀಟರ್ ಆಳದ ನೀರು ಗೋಡೆಯ ಒಂದೇ ಪಕ್ಕದಲ್ಲಿ ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 4,500 ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳುತ್ತದೆ. ಬಾಗಿಲು, ಕಿಟಕಿಗಳು ತೆರೆದಿರುವುದರಿಂದ ನೀರು ಒಳಗೂ ಹೊರಗೂ ಒಂದೇ ಮಟ್ಟದಲ್ಲಿ ಏರುತ್ತದೆ. ಎರಡೂ ಕಡೆಯ ತಳ್ಳುವಿಕೆಗಳು ಪರಸ್ಪರ ರದ್ದಾಗುತ್ತವೆ. ಪಾಳುಬಿದ್ದಿರುವುದೇ ಈ ವಿಷಯದಲ್ಲಿ ಅದಕ್ಕೊಂದು ರಕ್ಷೆ.

ಆದರೆ ಆರ್ಕಿಮಿಡೀಸನ ನಿಯಮದಿಂದ ಪಾರಾಗುವಂತಿಲ್ಲ. ನೀರು ಹೀರಿದ ಇಟ್ಟಿಗೆಯ ಗೋಡೆಯ ಒಂದು ಘನಮೀಟರಿನ ತೂಕ ಸುಮಾರು 2,000 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಮುಳುಗಿದಾಗ ಅದು 1,000 ಕಿಲೋಗ್ರಾಂ ನೀರನ್ನು ಸ್ಥಳಾಂತರಿಸುವುದರಿಂದ, ಬುಡವನ್ನು ಒತ್ತಿಹಿಡಿಯಲು ಉಳಿಯುವ ತೂಕ ಅರ್ಧ ಮಾತ್ರ. ಛಾವಣಿಯ ಭಾರವಂತೂ ಮೊದಲೇ ಹೋಗಿದೆ. ಮೇಲಿನ ಕಮಾನು ನೀರಿನಿಂದ ಹೊರಗೆ ಪೂರ್ಣ ತೂಕದಿಂದ ತಳ್ಳುತ್ತಿರುವಾಗಲೇ ಅದನ್ನು ಹಿಡಿದ ಬುಡ ಹಗುರವಾಗುತ್ತದೆ!

ಇದರ ಜೊತೆಗೆ ನಿಧಾನವಾದ ಸವೆತವೂ ನಡೆಯುತ್ತದೆ. ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗಿರುತ್ತದೆ. ಅದೇ ಅನಿಲ ಕರಗಿದ ಮಳೆಯ ನೀರು ಅದನ್ನು ಅಲ್ಪಸ್ವಲ್ಪವಾಗಿ ಕರಗಿಸುತ್ತದೆ. ಜಲಾಶಯ ಇಳಿಯುವಾಗ ಗೋಡೆಯೊಳಗಿನ ನೀರು ತಡವಾಗಿ ಹೊರಬಂದು ಸಂದುಗಳ ಪುಡಿಯನ್ನೂ ಕೊಂಡೊಯ್ಯುತ್ತದೆ. ಹೀಗೆ ಗೋಡೆಯ ದಪ್ಪ ಸವೆದು, ಹುಕ್ ಹೇಳಿದ ರೇಖೆ ಅದರ ಅಂಚನ್ನು ದಾಟಿದ ದಿನ, ಅದುವರೆಗೆ ಅಲುಗದೆ ನಿಂತ ಕಮಾನು ಹಠಾತ್ತಾಗಿ ಕುಸಿಯಬಹುದು.

ಇಂಗ್ಲೆಂಡಿನಲ್ಲಿ ಎರಡು ಯುದ್ಧಗಳ ನಡುವೆ ಕಟ್ಟಿದ ಚರ್ಚುಗಳೂ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಸೇರಿವೆ. ನಮ್ಮ ದೇಶದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ನೂರು ವರ್ಷ ದಾಟಿದ ಕಟ್ಟಡಗಳನ್ನು ಪರಿಗಣಿಸುತ್ತದೆ. ಶೆಟ್ಟಿಹಳ್ಳಿಯ ಚರ್ಚಿಗೆ ಅಷ್ಟು ವಯಸ್ಸು ಎಂದೋ ಆಗಿದೆ. ಆದರೆ ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಗೋಡೆ ಉಳಿಯುವುದಿಲ್ಲ. ಬೇಸಗೆಯ ಕೆಲವೇ ತಿಂಗಳುಗಳಲ್ಲಿ ಸಂದುಗಳನ್ನು ತುಂಬಬೇಕು. ಅದೂ ಸಿಮೆಂಟಿನಿಂದಲ್ಲ, ಸುಣ್ಣದಿಂದ. ಏಕೆಂದರೆ ಬಿಗಿಯಾದ ಸಿಮೆಂಟು ತೇವವನ್ನು ಒಳಗೇ ತಡೆದು ಮೆದುವಾದ ಹಳೆಯ ಇಟ್ಟಿಗೆಯನ್ನು ಕೆಡಿಸುತ್ತದೆ. ಗೋಡೆಯ ತಲೆಯ ಮೇಲೆ ಮಳೆನೀರು ಇಂಗದಂತೆ ಹೊದಿಕೆ ಹಾಕಬೇಕು. ಬೇರುಬಿಟ್ಟ ಗಿಡಗಳನ್ನು ತೆಗೆಯಬೇಕು. ಭಾರವನ್ನು ಹೊರುವ ಕೆಲಸವನ್ನು ಕಮಾನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದಷ್ಟು ದಪ್ಪವನ್ನು ಉಳಿಸಿಕೊಡುವುದಷ್ಟೇ ನಮ್ಮ ಪಾಲಿನ ಕೆಲಸ.